ತುಮಕೂರಿನಲ್ಲಿ ಬಿಷಪ್ ಲಾಂಛನ ಬರೆಸಬೇಕಾ? ಈ ಅಂಗಡಿಗೆ ಹೋಗಿ

ನಮ್ಮ ಚರ್ಚಿನ ಮಕ್ಕಳಿಗೆ ದೃಢೀಕರಣ ಸಂಸ್ಕಾರ ಕೊಡಲು ಮಹಾಧರ್ಮಾಧ್ಯಕ್ಷರು (ಆರ್ಚ್‌ಬಿಷಪ್) ಬರುವವರಿದ್ದರು. ಸ್ವಾಗತಕ್ಕೆ ಅವರ ಲಾಂಛನದ, ಅಂದರೆ ಗುರಾಣಿ, ಟೋಪಿ, ಕುಚ್ಚು ಇರುವ ಅವರ ಅಧಿಕೃತ ಚಿಹ್ನೆಯ ಬೋರ್ಡ್ ಬೇಕಿತ್ತು. ಬಿ.ಎಚ್. ರಸ್ತೆ ಹತ್ತಿರದ ಗಲ್ಲಿಯೊಂದರಲ್ಲಿ ಈಗಲೂ ಕೈಯಲ್ಲೇ ಬೋರ್ಡ್ ಬರೆಯುವ ಚಿಕ್ಕ ಅಂಗಡಿ ಇದೆ. ಅಲ್ಲಿ ಮಾಡಿಸಿದೆವು. ಕೆಲಸ ತುಂಬಾ ಚೆನ್ನಾಗಿದೆ.

ಮೊದಲು ಬೇರೆ ಕಡೆ ಫ್ಲೆಕ್ಸ್ ಹಾಕಿಸಿದ್ದೆವು. ಅವರು ನೆಟ್‌ನಲ್ಲಿ ಸಿಕ್ಕ ಯಾವುದೋ ಬಿಷಪ್ ಲಾಂಛನದ ಟೋಪಿ, ಕುಚ್ಚು ತೆಗೆದು ನಾವು ಕೊಟ್ಟ ಗುರಾಣಿಯ ಸುತ್ತ ಸುಮ್ನೆ ಅಂಟಿಸಿಬಿಟ್ಟಿದ್ದರು. ಕುಚ್ಚು ಎಣಿಸಿದರೆ ತಪ್ಪು ಗೊತ್ತಾಗುತ್ತದೆ. ಹಸಿರು ಟೋಪಿಯಿಂದ ಒಂದೊಂದು ಬದಿಗೆ 6 ಕುಚ್ಚು ಇಳಿದಿದ್ದರೆ ಬಿಷಪ್, 10 ಇದ್ದರೆ ಆರ್ಚ್‌ಬಿಷಪ್, ಕೆಂಪು ಟೋಪಿ ಮತ್ತು 15 ಕುಚ್ಚು ಅಂದರೆ ಕಾರ್ಡಿನಲ್. ಗುರಾಣಿ ಹಿಂದಿನ ಶಿಲುಬೆಗೂ ಬಿಷಪ್ ಆದರೆ ಒಂದು ಅಡ್ಡಪಟ್ಟಿ, ಆರ್ಚ್‌ಬಿಷಪ್ ಆದರೆ ಎರಡು. ತುಮಕೂರು ಸೇರಿರುವುದು ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ (ಆರ್ಚ್‌ಬಿಷಪ್ ನೋಡಿಕೊಳ್ಳುವ ಪ್ರದೇಶ), ಅದು 1953ರಲ್ಲೇ ಮಹಾಧರ್ಮಕ್ಷೇತ್ರ ಆಗಿದೆ. ಬರುವವರು ಆರ್ಚ್‌ಬಿಷಪ್, ಫ್ಲೆಕ್ಸ್‌ನಲ್ಲಿ ಬಿಷಪ್ ಕುಚ್ಚು ಅಂದರೆ ಅವರ ಸ್ಥಾನವನ್ನೇ ಇಳಿಸಿದ ಹಾಗಾಯ್ತು ಅಲ್ವಾ? ಸಾಲದ್ದಕ್ಕೆ ಬಿಷಪ್ ಕಿರೀಟ, ದಂಡ ಬೇರೆ ಸೇರಿಸಿದ್ದರು. ಅವೆರಡನ್ನೂ ಲಾಂಛನದಿಂದ ಬಿಡಬೇಕು ಎಂದು ವ್ಯಾಟಿಕನ್ 1969ರಲ್ಲೇ ಹೇಳಿದೆ.

ಈ ಅಂಗಡಿಯವರು ಕ್ರೈಸ್ತರಲ್ಲ. ಆದರೂ ಬ್ರಷ್ ಹಿಡಿಯುವ ಮುಂಚೆ ಪ್ರತಿಯೊಂದಕ್ಕೂ ಅರ್ಥ ಕೇಳಿದರು. ನಾನು ಉದಾಹರಣೆಗೆ ಪೋಪ್ ಫ್ರಾನ್ಸಿಸ್ ಅವರ ಲಾಂಛನ ತೋರಿಸಿದೆ. ಅದರಲ್ಲಿ ನಕ್ಷತ್ರ ಮಾತೆ ಮರಿಯಳಿಗೆ, ಹೂ ಸಂತ ಜೋಸೆಫರಿಗೆ. ಆ ಹೂವನ್ನು ಎಷ್ಟೋ ಜನ ದ್ರಾಕ್ಷಿ ಗೊಂಚಲು ಅಂದುಕೊಳ್ಳುತ್ತಾರೆ, ಅದು ಜಟಾಮಾಂಸಿ. "ಹಾಗಾದ್ರೆ ಗೊತ್ತಿಲ್ದೆ ಒಂದು ಎಲೆನೂ ಬರೆಯೋ ಹಾಗಿಲ್ಲ ಸಾರ್" ಅಂದರು. ನನಗೆ ಬೇಕಾಗಿದ್ದೂ ಅಷ್ಟೇ.

ಪೆನ್ಸಿಲ್ ಗೆರೆ ಎಳೆದು ಒಂದೊಂದು ಬದಿಯ 10 ಕುಚ್ಚುಗಳನ್ನು ಮೇಲಿಂದ ಕೆಳಗೆ 1, 2, 3, 4 ಅಂತ ಸಾಲು ಮಾಡಿದರು. ಪ್ರತಿ ಕುಚ್ಚಿನ ಗಂಟೂ ಬೇರೆ ಕಾಣುತ್ತದೆ, ಗಂಟಿನ ಕೆಳಗೆ ಹಸಿರು ಸ್ವಲ್ಪ ಗಾಢ. ಚಿನ್ನದ ಬಣ್ಣದ ಮೇಲೆ ಬಿಳಿ ಬರೆದರೆ ದೂರಕ್ಕೆ ಕಾಣಲ್ಲ ಎಂದು ಅವರಾಗಿಯೇ ಹೇಳಿದರು. ಲಾಂಛನದಲ್ಲಿ ಬಿಳಿ ಅಂದರೆ ಬೆಳ್ಳಿ ಅಂತಲೇ ಲೆಕ್ಕ, ಚಿನ್ನದ ಮೇಲೆ ಬೆಳ್ಳಿ ಹಾಕಬಾರದು ಅನ್ನುವುದು ಯುರೋಪಿನ ಲಾಂಛನ ಕಲೆಯ ಹಳೇ ನಿಯಮವೇ! ಧ್ಯೇಯವಾಕ್ಯದ ರಿಬ್ಬನ್ನಿನ ಮಡಿಕೆಯಲ್ಲಿ ಒಂದು ಪದವೂ ಮುರಿದಿಲ್ಲ, ಲ್ಯಾಟಿನ್ ಅಕ್ಷರಗಳನ್ನು ನಮ್ಮ ಫಾದರ್ ಮುಂದೆ ಒಂದೊಂದಾಗಿ ಓದಿಸಿಕೊಂಡರು.

ಫ್ಲೆಕ್ಸ್‌ಗಿಂತ ದುಡ್ಡು ಜಾಸ್ತಿ, ಟೈಮೂ ಜಾಸ್ತಿ. ಹಬ್ಬದ ಹಿಂದಿನ ದಿನ ಹೋದರೆ ಆಗಲ್ಲ. ಬಿಷಪ್ ಹೌಸ್‌ನಿಂದ ಲಾಂಛನದ ಸ್ಪಷ್ಟ ಪ್ರತಿ ತರಿಸಿಕೊಂಡು ಹೋಗಿ, ವಾಟ್ಸಾಪ್‌ನ ಮಸುಕು ಫೋಟೋ ಕೊಟ್ಟರೆ ಅವರು ಒಪ್ಪಲ್ಲ.