ಚಿಯಾ ಪುಡ್ಡಿಂಗಿಗೆ ಬಟ್ಟೆಯಲ್ಲಿ ಕಟ್ಟಿದ ಮೊಸರೇ ಸಾಕಿತ್ತು

ನಮ್ಮ ಫ್ರಿಜ್ಜಿನ ಮೇಲೆ ಒಂದು ಕೆಜಿಯ ವೇ ಪ್ರೊಟೀನ್ ಡಬ್ಬ ಕೂತಿದೆ, ಹಾಲಿನಿಂದ ತೆಗೆದ ಪ್ರೊಟೀನ್ ಪುಡಿ. ವೆನಿಲಾ ರುಚಿಯದು. 2,800 ರೂಪಾಯಿ ಕೊಟ್ಟಿದ್ದೆ. ಮುಕ್ಕಾಲು ಭಾಗ ಇನ್ನೂ ಹಾಗೇ ಇದೆ. ಅದೇ ಫ್ರಿಜ್ಜಿನ ಒಳಗೆ ಹಳೇ ಪಂಚೆ ತುಂಡಿನಲ್ಲಿ ಕಟ್ಟಿದ ಮೊಸರಿದೆ. ದಿನಾ ಖರ್ಚಾಗುವುದು ಅದು. ಚಿಯಾ ಪುಡ್ಡಿಂಗಿನ ಪ್ರೊಟೀನ್ ಹೆಚ್ಚಿಸುವುದರಲ್ಲಿ ಗೆದ್ದಿದ್ದು ಯಾವುದು ಅಂತ ಈಗಲೇ ಗೊತ್ತಾಯ್ತಲ್ವಾ? ಆದರೂ ಸೋತ ಕಥೆ ಹೇಳಿಬಿಡುತ್ತೇನೆ. ಇನ್ಯಾರದೋ ದುಡ್ಡು ಉಳಿಯಬಹುದು.

ನಾನು ಬೆಳಿಗ್ಗೆ 6.45ಕ್ಕೆ ಮೈಸೂರಿನಲ್ಲಿ ಕಂಪನಿ ಬಸ್ ಹತ್ತಬೇಕು. ಅಷ್ಟೊತ್ತಿಗೆ ತಿಂಡಿ ಇಳಿಯುವುದಿಲ್ಲ. ಹತ್ತು ಗಂಟೆಗೆ ಕ್ಯಾಂಟೀನಿನ ಎಣ್ಣೆ ವಡೆಯೇ ಗತಿಯಾಗಿತ್ತು. ರಾತ್ರಿ ಕಲಸಿಟ್ಟು ಬಸ್ಸಿನಲ್ಲೇ ತಿನ್ನೋಣ ಅಂತ ಚಿಯಾ ಪುಡ್ಡಿಂಗ್, ಅಂದರೆ ಹಾಲಿನಲ್ಲಿ ನೆನೆದು ಊದಿದ ಚಿಯಾ ಬೀಜ, ಶುರು ಮಾಡಿದೆ. ಬೀಜಕ್ಕೆ ದೂರ ಹೋಗಬೇಕಿರಲಿಲ್ಲ. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಈ ಬೆಳೆಯನ್ನು ರೈತರಿಗೆ ಪರಿಚಯಿಸಿದ ಮೇಲೆ ಎಚ್.ಡಿ. ಕೋಟೆ ಕಡೆಯೇ ಬೆಳೆಯುತ್ತಾರೆ. ಕಾಮಕಸ್ತೂರಿ ಬೀಜ ಬೇರೆ, ಇದು ಬೇರೆ. ಅದು ಪೂರ್ತಿ ಕಪ್ಪು, ನಿಮಿಷದಲ್ಲಿ ಊದುತ್ತದೆ. ಚಿಯಾ ಬೂದು, ಬಿಳಿ ಮಿಶ್ರ, ಊದುವುದಕ್ಕೂ ಸ್ವಲ್ಪ ಹೊತ್ತು ಬೇಕು.

ಚಿಯಾ ತಿಂದರೆ ಪ್ರೊಟೀನ್ ಸಿಕ್ಕಿಬಿಡುತ್ತೆ ಅಂತ ನಾನೂ ನಂಬಿದ್ದೆ. ನೂರು ಗ್ರಾಂ ಚಿಯಾದಲ್ಲಿ ಸುಮಾರು 17 ಗ್ರಾಂ ಪ್ರೊಟೀನ್ ಇರುವುದು ನಿಜ. ಆದರೆ ನಾರು ಅದರ ಎರಡರಷ್ಟಿದೆ. ನೂರು ಗ್ರಾಂ ಯಾರು ತಿನ್ನುತ್ತಾರೆ? ನಾನು ಹಾಕುವುದು ದೊಡ್ಡ ಚಮಚದಲ್ಲಿ ಎರಡು, ಅಂದರೆ 25 ಗ್ರಾಂ. ಅದರಿಂದ ಬರುವುದು ನಾಲ್ಕು ಗ್ರಾಂ ಪ್ರೊಟೀನ್. 150 ಎಂಎಲ್ ಹಾಲಿನಿಂದ ಇನ್ನೊಂದು ಐದು. ನನಗೆ ಬೇಕಿದ್ದದ್ದು ಒಂದು ಹೊತ್ತಿಗೆ 20 ಗ್ರಾಂ ಹತ್ತಿರ. ಉಳಿದದ್ದಕ್ಕೆ ಏನಾದರೂ ಬೆರೆಸಲೇಬೇಕು. ಆ ‘ಏನಾದರೂ’ ಹುಡುಕುವುದರಲ್ಲೇ ಎರಡು ತಿಂಗಳು ಹೋಯಿತು.

ಮೊದಲು ವೇ ಪೌಡರ್. ರಾತ್ರಿ ಸ್ಟೀಲ್ ಡಬ್ಬಿಗೆ ಚಿಯಾ, ಮೇಲೆ ಒಂದು ಅಳತೆ ಪೌಡರ್, ಮೇಲೆ ಹಾಲು. ಮುಚ್ಚಳ ಹಾಕಿ ಕುಲುಕಿ ಫ್ರಿಜ್ಜಿಗಿಟ್ಟೆ. ಬೆಳಿಗ್ಗೆ ಬಸ್ಸಿನಲ್ಲಿ ತೆಗೆದು ನೋಡಿದರೆ ಮೇಲೆ ನೊರೆ ನೊರೆ ಹಾಲು, ತಳದಲ್ಲಿ ತಟ್ಟೆ ಇಡ್ಲಿ ಥರ ಒಂದು ಗಟ್ಟಿ ಬಿಲ್ಲೆ. ಚಮಚ ಚುಚ್ಚಿದೆ. ಒಳಗೆ ಬಿಳೀ ಪುಡಿ, ಒಣಗಿದ್ದು ಒಣಗಿದ ಹಾಗೇ ಇತ್ತು! ಸರಿಯಾಗಿ ತೊಳಸದ ಮುದ್ದೆ ಮುರಿದಾಗ ಹಸಿ ಹಿಟ್ಟಿನ ಗಂಟು ಸಿಗುತ್ತಲ್ಲ, ಥೇಟ್ ಹಾಗೆ. ಪಕ್ಕದ ಸೀಟಿನವರು ಇಣುಕಿ ನೋಡಿ, “ಏನ್ ಸಾರ್, ಸುಣ್ಣನಾ?” ಅಂದರು.

ಇದು ಯಾಕೆ ಹೀಗಾಗುತ್ತೆ ಅಂದರೆ, ಚಿಯಾ ತನ್ನ ತೂಕದ ಹತ್ತರಷ್ಟು ನೀರು ಎಳೆಯುತ್ತದೆ. ಬೀಜದ ಸುತ್ತ ಲೋಳೆ ಕಟ್ಟುತ್ತದೆ. ಆ ಲೋಳೆಯ ನಡುವೆ ಸಿಕ್ಕಿಕೊಂಡ ಪುಡಿಗೆ ಆಮೇಲೆ ಹಾಲು ತಲುಪುವುದೇ ಇಲ್ಲ. ಮಾರನೇ ದಿನ ಹಾಲು ಚೆನ್ನಾಗಿ ಬಿಸಿ ಮಾಡಿ ಹಾಕಿದೆ. ಇನ್ನೂ ಕೆಟ್ಟಿತು. ಬಿಸಿಗೆ ವೇ ಒಡೆದ ಹಾಲಿನ ಹಾಗೆ ಕಾಳುಕಾಳಾಯಿತು. ಅದನ್ನು ಚೆಲ್ಲಿದೆ. ಆ ದಿನ ಮತ್ತೆ ವಡೆ.

ದಾರಿ ತೋರಿಸಿದ್ದು ಅಮ್ಮ. “ಅಂಬಲಿಗೆ ಹಿಟ್ಟನ್ನ ಮೊದಲು ತಣ್ಣೀರಲ್ಲಿ ಕದಡ್ಕೊಳಲ್ವೇನೋ? ಇದೂ ಅಷ್ಟೇ.” ಹೌದು. ತಣ್ಣಗಿನ ಹಾಲು ಸ್ವಲ್ಪ ಹಾಕಿ ಪೌಡರ್ ಕದಡಬೇಕು, ಗಂಟು ಹೋದ ಮೇಲೆ ಉಳಿದ ಹಾಲು ಹಾಕಬೇಕು, ಕೊನೆಗೆ ಚಿಯಾ. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಕಲಕಬೇಕು. ಗಂಟು ಪೂರ್ತಿ ಹೋಯಿತು. ಹೋಗದೇ ಉಳಿದದ್ದು ಸಿಹಿ. ಪೌಡರಿನಲ್ಲಿ ಹಾಕಿರುವ ಸುಕ್ರಲೋಸ್ ಅನ್ನೋ ಕೃತಕ ಸಿಹಿ, ಬಸ್ಸು ಕಡಕೊಳ ದಾಟಿದರೂ ನಾಲಿಗೆ ಬಿಡುತ್ತಿರಲಿಲ್ಲ. ವಾಪಸ್ ತಗೊಳ್ತೀರಾ ಅಂತ ಅಂಗಡಿಯಲ್ಲಿ ಕೇಳಿದೆ. ಸೀಲ್ ಒಡೆದಿದೆ, ಆಗಲ್ಲ ಅಂದರು. ಅದೂ ಸರಿಯೇ.

ಒಂದು ಮಾತು ಒಪ್ಪಲೇಬೇಕು. ಬರೀ ಲೆಕ್ಕ ನೋಡಿದರೆ ವೇ ಮುಂದೆ ಯಾವುದೂ ನಿಲ್ಲುವುದಿಲ್ಲ. ನನ್ನ ಡಬ್ಬದಲ್ಲಿ ಒಂದು ಅಳತೆಗೇ 24 ಗ್ರಾಂ. ಹಾಲು, ಚಿಯಾ ಸೇರಿದರೆ 30 ದಾಟುತ್ತದೆ. ಜಿಮ್ಮಿಗೆ ಹೋಗುವವರು ಅದನ್ನೇ ತೆಗೆದುಕೊಳ್ಳಲಿ, ಸಿಹಿ ಇಲ್ಲದ್ದನ್ನು.

ಹುರಿಗಡಲೆ ಪುಡಿ ನಾಲ್ಕು ದಿನ ಬಾಳಿತು. ಅಗ್ಗ, ಮನೆಯಲ್ಲೇ ಇರುತ್ತದೆ. ಎರಡು ಚಮಚಕ್ಕೆ ನಾಲ್ಕು ಗ್ರಾಂ ಪ್ರೊಟೀನ್ ಬರುತ್ತದೆ. ಆದರೆ ತಂಬಿಟ್ಟನ್ನು ಹಾಲಿನಲ್ಲಿ ನೆನೆಸಿ ತಿಂದ ಹಾಗಿತ್ತು. ಮೇಲಾಗಿ ಹೊಟ್ಟೆ ಉಬ್ಬರ. ಕಂಪನಿ ಬಸ್ಸಿನಲ್ಲಿ ಅದೊಂದು ಬೇಡ.

ಈಗ ಮೊಸರು. ಸಂಜೆ ಮನೆಗೆ ಬಂದ ಕೂಡಲೇ ಅರ್ಧ ಲೀಟರ್ ನಂದಿನಿ ಮೊಸರನ್ನು ಪಂಚೆ ಬಟ್ಟೆಗೆ ಸುರಿದು, ಜರಡಿಯಲ್ಲಿಟ್ಟು, ಕೆಳಗೆ ಪಾತ್ರೆ ಕೊಟ್ಟು ಫ್ರಿಜ್ಜಿಗೆ ಸೇರಿಸುತ್ತೇನೆ. ಮೊದಮೊದಲು ನಲ್ಲಿಗೆ ನೇತು ಹಾಕುತ್ತಿದ್ದೆ. ಬೇಸಿಗೆಯಲ್ಲಿ ಹುಳಿ ಬಂತು. ಮಲಗುವ ಹೊತ್ತಿಗೆ 200 ಗ್ರಾಂನಷ್ಟು ಗಟ್ಟಿ ಮೊಸರು ಉಳಿದಿರುತ್ತದೆ, ಎರಡು ದಿನಕ್ಕೆ ಸಾಕು. ಶ್ರೀಖಂಡಕ್ಕೆ ಕಟ್ಟುವಷ್ಟು ಗಟ್ಟಿಯಾಗುವುದು ಬೇಡ. ಬಟ್ಟೆ ಬಿಚ್ಚಿದಾಗ ಅದರ ನೇಯ್ಗೆ ಗುರುತು ಮೊಸರಿನ ಮೇಲೆ ಕಂಡರೆ ಸರಿಯಾಗಿದೆ ಅಂತ ಲೆಕ್ಕ. ಇಳಿದ ನೀರು ಚಪಾತಿ ಹಿಟ್ಟಿಗೆ ಹೋಗುತ್ತದೆ.

ಇಲ್ಲೂ ಒಂದು ತಪ್ಪು ಮಾಡಿದ್ದೆ. ಗಟ್ಟಿ ಮೊಸರಿಗೇ ಒಣ ಚಿಯಾ ಹಾಕಿ ಕಲಸಿದ್ದೆ. ಅದರಲ್ಲಿ ನೀರಿಲ್ಲ, ಬೀಜ ಊದುವುದು ಹೇಗೆ? ಬೆಳಿಗ್ಗೆ ಮರಳು ಜಗಿದ ಹಾಗಾಯಿತು. ಈಗ ಮೊದಲು ಚಿಯಾವನ್ನು 150 ಎಂಎಲ್ ಹಾಲಿನಲ್ಲಿ ನೆನೆಸುತ್ತೇನೆ. ಕಾಲು ಗಂಟೆಯಲ್ಲಿ ಎರಡು ಸಲ ಕಲಕಿ, ಲೋಳೆ ಕಟ್ಟಿದ ಮೇಲೆ ನೂರು ಗ್ರಾಂ ಮೊಸರು ಬೆರೆಸುತ್ತೇನೆ. ಬೆಳಿಗ್ಗೆ ಮೇಲೊಂದು ಹಿಡಿ ಹುರಿದ ಕಡಲೆಕಾಯಿ ಬೀಜ, ಅರ್ಧ ಏಲಕ್ಕಿ ಬಾಳೆಹಣ್ಣು. ಎಲ್ಲಾ ಸೇರಿ 20 ಗ್ರಾಂ ಪ್ರೊಟೀನ್ ಹತ್ತಿರ ಹತ್ತಿರ ಆಗುತ್ತದೆ. ನನ್ನಂಥ ಕೂತು ಕೆಲಸ ಮಾಡುವವನಿಗೆ ಒಂದು ಹೊತ್ತಿಗೆ ಅಷ್ಟು ಸಾಕು.

ಗಂಟು ಇಲ್ಲ, ವೆನಿಲಾ ಕಾಟ ಇಲ್ಲ. ಒಂದೇ ತೊಂದರೆ ಅಂದರೆ ಏಪ್ರಿಲ್ ಬಿಸಿಲಿನಲ್ಲಿ ಬಸ್ಸಲ್ಲೇ ತಿಂದು ಮುಗಿಸಬೇಕು, ಹತ್ತು ಗಂಟೆಗೆ ಇಟ್ಟುಕೊಂಡರೆ ಹುಳಿ.

ಅಮ್ಮನಿಗೆ ಈ ಪುಡ್ಡಿಂಗ್ ಇವತ್ತಿಗೂ ಕಪ್ಪೆ ಮೊಟ್ಟೆಯೇ. ಬಾಯಿಗಿಟ್ಟಿಲ್ಲ. ಆದರೆ ವೇ ಡಬ್ಬ ಯಾವಾಗ ಖಾಲಿಯಾಗುತ್ತೆ ಅಂತ ವಾರಕ್ಕೊಮ್ಮೆ ಕೇಳುತ್ತಾರೆ. ಮುಚ್ಚಳ ಬಿಗಿಯಾಗಿದೆಯಂತೆ, ರಾಗಿ ಹಿಟ್ಟಿಗೆ ಹುಳ ಬೀಳಲ್ವಂತೆ.