ಮಂಗಕ್ಕೆ ಅಂತ ತಂದ ಏರ್‌ಗನ್ನು, ಐದು ತಿಂಗಳಾದ್ಮೇಲೆ

ಇದು ಬಾಕ್ಸ್ ಬಿಚ್ಚಿದ ದಿನದ ರಿವ್ಯೂ ಅಲ್ಲ, ಮೊದಲೇ ಹೇಳ್ಬಿಡ್ತೀನಿ. ಅವತ್ತೇ ಬರೆದಿದ್ರೆ ಒಂದು ಸ್ಟಾರ್ ಕೊಟ್ಟು ದುಡ್ಡು ದಂಡ ಅಂತ ಬರೀತಿದ್ದೆ. ಈಗ ಐದು ತಿಂಗಳಾಯ್ತು, ಹತ್ತಿರ ಹತ್ತಿರ 2,000 ಪೆಲೆಟ್ (ಇದಕ್ಕೆ ಹಾಕೋ ಸಣ್ಣ ಗುಂಡು) ಹೊಡ್ದಿದೀನಿ, ಈಗ ನಾಲ್ಕು ಸ್ಟಾರ್. ಗನ್ ಅದೇ, ಮನುಷ್ಯನೂ ಅವನೇ, ನಡುವೆ ಆಗಿದ್ದೇನು ಅನ್ನೋದೇ ಈ ಕಥೆ.

ನಮ್ದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಮಂಗದ ಕಾಟ ನಮ್ಮೂರಲ್ಲಿ ಯಾರಿಗೂ ಹೇಳ್ಬೇಕಾಗಿಲ್ಲ, ಎಳೆ ಅಡಿಕೆ ಹೀರಿ ಬಿಸಾಕೋದು, ಬಾಳೆಗೊನೆ ಮುರಿಯೋದು, ಹೆಂಚು ತೆಗೆದು ಅಟ್ಟಕ್ಕೆ ಇಳಿಯೋದು. ಪಕ್ಕದ ಮನೆ ಭಟ್ರು "ಒಂದು ಏರ್‌ಗನ್ ತಗೊಂಡ್ಬಿಡಿ ಮಾರಾಯ್ರೆ, ಸದ್ದಿಗೇ ಓಡ್ತಾವೆ" ಅಂದ್ರು. ಸರಿ ಅಂತ ಪೇಟೆಗೆ ಹೋದೆ.

ಅಂಗಡಿಯವ್ನು ಮೊದಲು ಹೇಳಿದ ಮಾತು "ಸಾರ್ ಇದು ಸಾವಿರ ಎಫ್‌ಪಿಎಸ್". ಆಮೇಲೆ ಯಾವ ಮಾಡೆಲ್ ಕೇಳಿದ್ರೂ ಅದೇ ನಂಬರ್ ಒಂದೇ, ಬೈಕ್ ತಗೊಳ್ಳೋರಿಗೆ ಮೈಲೇಜ್ ಹೇಳ್ತಾರಲ್ಲ ಹಾಗೆ. ಎಫ್‌ಪಿಎಸ್ ಅಂದ್ರೆ ಸೆಕೆಂಡಿಗೆ ಎಷ್ಟು ಅಡಿ ಅಂತ. ಆದ್ರೆ ಎಷ್ಟು ತೂಕದ ಪೆಲೆಟ್ ಹಾಕಿ ಅಷ್ಟು ಸ್ಪೀಡು ಬಂತು ಅನ್ನೋದನ್ನ ಬಾಕ್ಸ್ ಮೇಲೆ ದೊಡ್ಡದಾಗಿ ಯಾರೂ ಬರೆಯಲ್ಲ. ಲೆಕ್ಕ ಸುಲಭ ಇದೆ: ಪೆಲೆಟ್ ತೂಕ ಗ್ರೇನ್ ಅನ್ನೋ ಸಣ್ಣ ಅಳತೇಲಿ, ಅದಕ್ಕೆ ಸ್ಪೀಡಿನ ವರ್ಗ ಗುಣಿಸಿ 450240ರಿಂದ ಭಾಗಿಸಿದ್ರೆ ಹೊಡೆತದ ಶಕ್ತಿ ಫುಟ್ ಪೌಂಡ್‌ನಲ್ಲಿ ಸಿಗುತ್ತೆ. 5 ಗ್ರೇನಿನ ಹಗುರ ಅಲಾಯ್ ಪೆಲೆಟ್ 1000 ಎಫ್‌ಪಿಎಸ್‌ನಲ್ಲಿ ಹೋದ್ರೆ 11 ಫುಟ್ ಪೌಂಡ್, ಅದೇ 8.44 ಗ್ರೇನಿನ ಸೀಸದ ಪೆಲೆಟ್ ಬರೀ 800ರಲ್ಲಿ ಹೋದ್ರೂ 12. ಅಂದ್ರೆ ನಿಧಾನಕ್ಕೆ ಹೋಗೋದೇ ಜೋರಾಗಿ ಬೀಳೋದು. ಜೊತೆಗೆ ಶಬ್ದದ ವೇಗದ ಹತ್ತಿರ, ಅಂದ್ರೆ 1100 ದಾಟಿ ಹೋದ ಹಾಗೆಲ್ಲ ಪೆಲೆಟ್ ಓಲಾಡೋಕೆ ಶುರು ಮಾಡುತ್ತೆ, ಗುರಿ ಹಾಳು. ಸ್ಪೀಡು ನೋಡಿ ಗನ್ ತಗೋಬೇಡಿ ಅಂತ ಹೇಳೋಕೆ ಇಷ್ಟೆಲ್ಲ ಬರೆದೆ.

ಕಾನೂನು ಮುಖ್ಯ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಬೋರ್, ಅಂದ್ರೆ ನಳಿಗೆ ಒಳಗಿನ ಅಗಲ, .177 ಇಂಚು ಅಂದ್ರೆ 4.5 ಎಂಎಂ ದಾಟಬಾರ್ದು, ಶಕ್ತಿ 20 ಜೂಲ್ (ಇದು ಶಕ್ತಿಯ ಇನ್ನೊಂದು ಅಳತೆ) ದಾಟಬಾರ್ದು, ಇದ್ರಲ್ಲಿ ಒಂದು ಮೀರಿದ್ರೂ ಲೈಸೆನ್ಸ್ ಬೇಕು. ಹಾಗಾಗಿ ಇನ್ನೂ ಅಗಲದ .22 ತಗೋ ಅಂತ ಯಾರಾದ್ರೂ ಸಲಹೆ ಕೊಟ್ರೆ ಅವ್ರು ಬೇರೆ ದೇಶದ ವಿಡಿಯೋ ನೋಡಿದಾರೆ ಅಂತ ಅರ್ಥ. ಬಿಲ್ ಇಟ್ಕೊಳ್ಳಿ, ನಾನು ಬಿಲ್ಲಿನ ಜೆರಾಕ್ಸ್ ಗನ್ ಕವರ್ ಒಳಗೇ ಇಟ್ಟಿದೀನಿ.

ಆಯ್ಕೆ ನನ್ನ ಬಜೆಟ್ಟಲ್ಲಿ ಮೂರಿತ್ತು. ಪಿಸಿಪಿ ಅಂದ್ರೆ ಗಾಳಿ ತುಂಬಿ ಇಡೋದು, ರೀಕಾಯ್ಲ್ (ಹೊಡೆದಾಗ ಗನ್ ಒದೆಯೋದು) ಇಲ್ವೇ ಇಲ್ಲ ಅನ್ನಬಹುದು, ಗುರಿ ತುಂಬಾ ಚೆನ್ನಾಗಿ ಕೂರುತ್ತೆ, ಆದ್ರೆ ಪಂಪೋ ಸಿಲಿಂಡರೋ ಬೇರೆ ಬೇಕು, ಸೀಲು ಲೀಕ್ ಆದ್ರೆ ನಮ್ಮೂರಲ್ಲಿ ಯಾರು ನೋಡ್ತಾರೆ. ಗ್ಯಾಸ್ ರಾಮ್ ಇನ್ನೊಂದು, ಸ್ಪ್ರಿಂಗ್ ಬದಲು ಗ್ಯಾಸು, ಕಾಕ್ ಮಾಡಿ, ಅಂದ್ರೆ ಎಳೆದು ಹೊಡೆಯೋಕೆ ರೆಡಿ ಮಾಡಿ, ಸ್ವಲ್ಪ ಹೊತ್ತು ಇಟ್ರೂ ಸೋಲಲ್ಲ, ಆದ್ರೆ ಹೋದ್ರೆ ಪೂರ್ತಿ ಯೂನಿಟ್ಟೇ ಬದಲಾಯಿಸ್ಬೇಕು. ನಾನು ತಗೊಂಡಿದ್ದು ಹಳೇ ಕಾಲದ ಸ್ಪ್ರಿಂಗ್ ಪಿಸ್ಟನ್, ನಳಿಗೆ ಬಗ್ಗಿಸಿ ಲೋಡ್ ಮಾಡೋ ಬ್ರೇಕ್ ಬ್ಯಾರಲ್, ನಮ್ಮ ದೇಶದಲ್ಲೇ ತಯಾರಾಗಿದ್ದು. ಪ್ರೆಸಿಹೋಲ್, ಎಸ್‌ಡಿಬಿ ಅಂತ ಇಲ್ಲಿನ ಹೆಸರುಗಳು ಗನ್ ಹುಡುಕಿದವರಿಗೆಲ್ಲ ಗೊತ್ತೇ ಇರುತ್ತೆ, ದುಡ್ಡಿದ್ದೋರು ಜರ್ಮನಿಯ ಡಯಾನಾ ಹುಡ್ಕ್ತಾರೆ. ನಂದು ಯಾವ್ದು ಅಂತ ಬರೀತಿಲ್ಲ, ಯಾಕಂದ್ರೆ ಮುಂದೆ ನಾನು ಬೈಯೋ ವಿಷಯ ಒಂದು ಕಂಪನಿದಲ್ಲ, ಈ ಜಾತಿ ಗನ್ನುಗಳದ್ದೇ ಗುಣ.

ಮೊದಲ ದಿನ. ಅಂಗಳದ ತುದೀಲಿ ಧರೆಗೆ ಒರಗಿಸಿ ಮರಳು ತುಂಬಿದ ಎರಡು ಸಿಮೆಂಟ್ ಚೀಲ, ಅದರ ಮೇಲೆ ಅಡಿಕೆ ಪಟ್ಟಿ ಬರೆಯೋ ಹಾಳೆ, ಹತ್ತು ಮೀಟರ್ ದೂರ. ಹೊಡೆದೆ. ಪಟಾಕಿ ಥರ ಸದ್ದು, ನಳಿಗೆಯಿಂದ ಹೊಗೆ, ಸುಟ್ಟ ಎಣ್ಣೆ ವಾಸನೆ, ದನ ಹಗ್ಗ ಕಿತ್ಕೊಂಡು ಹೋಗೋ ಹಾಗಾಯ್ತು. ನಮ್ಮನೆಯವಳು ಅಡುಗೆಮನೆಯಿಂದಲೇ "ಗ್ಯಾಸ್ ಸಿಲಿಂಡರ್ ಹೋಯ್ತಾ" ಅಂತ ಕೂಗಿದ್ಲು. ಹತ್ತು ಪೆಲೆಟ್ ಹೊಡ್ದು ಹಾಳೆ ನೋಡಿದ್ರೆ ತೂತುಗಳು ಒಂದು ಊಟದ ತಟ್ಟೆಯಷ್ಟು ಅಗಲಕ್ಕೆ ಚೆಲ್ಲಿದ್ವು, ಎರಡಂತೂ ಹಾಳೆಗೇ ಬಿದ್ದಿಲ್ಲ. ಅಪ್ಪಯ್ಯ ಜಗಲೀಲಿ ಕೂತ್ಕೊಂಡು ಎಲೆ ಹಾಕ್ತಾ "ಇದಕ್ಕಿಂತ ನಿನ್ನ ಚಾಟರಬಿಲ್ಲೇ ವಾಸಿಯಿತ್ತಲ್ಲೋ" ಅಂದ್ರು. ಮರ್ಯಾದೆ ಹೋಯ್ತು.

ಆ ಹೊಗೆಗೆ ಡೀಸೆಲಿಂಗ್ ಅಂತಾರೆ. ಫ್ಯಾಕ್ಟರಿಯಲ್ಲಿ ಹಚ್ಚಿದ ಎಣ್ಣೆ ಗ್ರೀಸು ಚೇಂಬರ್ ಒಳಗೆ ಉಳಿದಿರುತ್ತೆ, ಪಿಸ್ಟನ್ ಗಾಳೀನ ಒಮ್ಮೆಲೇ ಒತ್ತಿದಾಗ ಬಿಸಿಗೆ ಅದು ಹತ್ಕೊಳ್ಳುತ್ತೆ, ಥೇಟ್ ಡೀಸೆಲ್ ಇಂಜಿನ್. ಒಂದೊಂದು ಸಲ ಒಂದೊಂದು ಥರ ಹತ್ಕೊಳ್ಳೋದ್ರಿಂದ ಪ್ರತಿ ಪೆಲೆಟ್ಟಿನ ಸ್ಪೀಡೂ ಬೇರೆ, ಗುರಿ ಎಲ್ಲಿಂದ ಕೂರ್ಬೇಕು? ಇದಕ್ಕೆ ಮದ್ದು ಹೊಡೀತಾ ಇರೋದೇ. ನಂದಕ್ಕೆ ಹೊಗೆ ನಿಲ್ಲೋಕೆ 150 ಪೆಲೆಟ್ ಬೇಕಾಯ್ತು, ಗುರಿ ಕೂರೋಕೆ 400ರ ಹತ್ತಿರ. ಅಂದ್ರೆ ಹೆಚ್ಚುಕಮ್ಮಿ ಒಂದು ಡಬ್ಬಿ. ಗನ್ ಬೆಲೆ ಜೊತೆ ಆ ಒಂದು ಡಬ್ಬಿಯ ಬೆಲೇನೂ ಸೇರಿಸಿಕೊಂಡೇ ಹೊರಡಿ. ನನ್ನ ಪರಿಚಯದವರೊಬ್ರು ಇದು ಗೊತ್ತಿಲ್ದೆ ಗನ್ "ಬಿಗಿ ಇದೆ" ಅಂತ ಹೊಲಿಗೆ ಮಿಷಿನ್ ಎಣ್ಣೆ ಬಿಟ್ರು ಒಳಗೆ. ಡೀಸೆಲಿಂಗ್ ಇನ್ನೂ ಜೋರಾಗಿ ಸೀಲೇ ಹೋಯ್ತು. ಚೇಂಬರ್ ಒಳಗೆ ಹೊತ್ಕೊಳ್ಳೋ ಎಣ್ಣೆ ಬಿಡ್ಲೇಬಾರ್ದು. ಪೆಲೆಟ್ ಇಲ್ದೆ ಖಾಲಿ ಹೊಡೀಲೂಬಾರ್ದು, ಪೆಲೆಟ್ ತಡೆದು ಹಿಡಿದ ಗಾಳಿಯೇ ಪಿಸ್ಟನ್ನಿಗೆ ದಿಂಬು, ಅದಿಲ್ಲ ಅಂದ್ರೆ ಪಿಸ್ಟನ್ ಸೀದಾ ಹೋಗಿ ಗೋಡೆಗೆ ಗುದ್ದುತ್ತೆ. ಅಣ್ಣನ ಮಗ ರಜಕ್ಕೆ ಬಂದಾಗ ಮೊದಲು ಮಾಡೋಕೆ ಹೊರಟಿದ್ದು ಅದನ್ನೇ.

ನಳಿಗೆ ಬಗ್ಗಿಸಿ ಪೆಲೆಟ್ ಇಡುವಾಗ ಇನ್ನೊಂದು ಕೈ ನಳಿಗೆ ಮೇಲಿಂದ ತೆಗೀಬೇಡಿ. ಟ್ರಿಗರ್ ಜಾರಿದ್ರೆ ನಳಿಗೆ ವಾಪಸ್ ಬರೋ ರಭಸಕ್ಕೆ ಬೆರಳು ಉಳಿಯಲ್ಲ. ಕಾಕ್ ಮಾಡೋದಂತೂ ಮೊದಲ ವಾರ ಸಾಕಾಗಿ ಹೋಯ್ತು, ರಾತ್ರಿ ಭುಜಕ್ಕೆ ಅಮೃತಾಂಜನ.

ಮೂರನೇ ವಾರ ಗುರಿ ಚೆನ್ನಾಗಿ ಕೂತಿತ್ತು, ಖುಷಿಯಾಗಿದ್ದೆ. ಆಮೇಲೆ ಒಂದಿನ ಇದ್ದಕ್ಕಿದ್ದ ಹಾಗೆ ಎಲ್ಲ ಎಡಕ್ಕೆ ಹೋಗೋಕೆ ಶುರು. ಗುರಿ ನೋಡೋ ಹಿಂದಿನ ಸೈಟಿನ ಸ್ಕ್ರೂ ತಿರುಗಿಸಿದೆ, ಮಾರನೇ ದಿನ ಬಲಕ್ಕೆ. ಮತ್ತೆ ತಿರುಗಿಸಿದೆ. ನಾಲ್ಕು ದಿನ ಹೀಗೇ, ಅಂಗಡಿಯವನಿಗೆ ಫೋನ್ ಮಾಡಿ ಕೂಗಾಡಿದ್ದೂ ಆಯ್ತು. ಕೊನೆಗೆ ನೋಡಿದ್ರೆ ಗನ್ನಿನ ಮರದ ಹಿಡಿ, ಅಂದ್ರೆ ಸ್ಟಾಕ್, ಹಿಡಿದಿರೋ ಮುಂದಿನ ಎರಡು ಸ್ಕ್ರೂ ಕೈಯಲ್ಲೇ ತಿರುಗ್ತಿದ್ವು! ಸ್ಪ್ರಿಂಗ್ ಗನ್ ಹಿಂದಕ್ಕೂ ಒದೆಯುತ್ತೆ ಮುಂದಕ್ಕೂ ಒದೆಯುತ್ತೆ, ಆ ಎರಡೂ ಒದೆತಕ್ಕೆ ಸ್ಕ್ರೂ ತಾನಾಗೇ ಬಿಚ್ಕೊಳ್ಳುತ್ತೆ. ಬಿಗಿ ಮಾಡಿ, ಸ್ಕ್ರೂ ಸಡಿಲ ಆಗದ ಹಾಗೆ ಹಿಡಿಯೋ ಅಂಟು, ನೀಲಿ ಲಾಕ್‌ಟೈಟ್, ಒಂದು ಹನಿ ಹಾಕಿದೆ, ಮುಗೀತು. ಅಂಗಡಿಯವನಿಗೆ ಮತ್ತೆ ಫೋನ್ ಮಾಡಿ ಸಾರಿ ಹೇಳ್ಬೇಕಿತ್ತು, ಹೇಳಿಲ್ಲ. ಗುರಿ ನೋಡೋ ದುರ್ಬೀನು, ಅಂದ್ರೆ ಸ್ಕೋಪ್, ಹಾಕೋರಿಗೂ ಇದೇ ಮಾತು, ಮಾಮೂಲಿ ಸ್ಕೋಪ್ ಈ ಎರಡು ಕಡೆ ಒದೆತಕ್ಕೆ ಒಳಗೇ ಒಡೆದು ಹೋಗುತ್ತೆ, ಸ್ಪ್ರಿಂಗ್ ಏರ್‌ಗನ್ನಿಗೇ ಅಂತ ಮಾಡಿದ್ದು ಬೇಕು. ನಾನಿನ್ನೂ ಕಬ್ಬಿಣದ ಸೈಟಲ್ಲೇ ಇದೀನಿ.

ಹಿಡಿಯೋ ರೀತೀನೂ ಬೇರೆ. ಸಿನಿಮಾದಲ್ಲಿ ತೋರಿಸೋ ಹಾಗೆ ಭುಜಕ್ಕೆ ಗಟ್ಟಿಯಾಗಿ ಅವಚಿಕೊಂಡ್ರೆ ಹಾಳೆ ಮೇಲಿನ ತೂತುಗಳ ಗುಂಪು ಚೆಲ್ಲುತ್ತೆ. ಎಡಗೈ ಅಂಗೈ ಬಿಚ್ಚಿ ಅದರ ಮೇಲೆ ಗನ್ನನ್ನ ಸುಮ್ನೆ ಕೂರಿಸ್ಬೇಕು, ಮಲಗಿದ ಮಗುವಿನ ತಲೆ ಹಿಡಿದ ಹಾಗೆ, ಅದು ಒದೆಯೋದನ್ನ ಒದೀಲಿ ಅಂತ ಬಿಡ್ಬೇಕು. ಇದೊಂದು ಕಲಿತ ದಿನ ತಟ್ಟೆ ಅಗಲದ ಗುಂಪು ಐದು ರೂಪಾಯಿ ನಾಣ್ಯಕ್ಕೆ ಇಳೀತು. ಅಪ್ಪಯ್ಯನಿಗೆ ಹಾಳೆ ತೋರ್ಸಿದೆ, "ಹ್ಞೂಂ" ಅಂದ್ರು, ಅವ್ರ ಮಟ್ಟಿಗೆ ಅದು ಶಹಬ್ಬಾಸ್‌ಗಿರಿ. (ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್‌ನಲ್ಲಿ ಹತ್ತು ಪಾಯಿಂಟಿನ ಚುಕ್ಕಿ ಬರೀ ಅರ್ಧ ಮಿಲಿಮೀಟರ್. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಲ್ಲಿ ಚಿನ್ನ ಗೆದ್ದಿದ್ದು ಅದನ್ನ ಹೊಡ್ದು. ಗನ್ ಹಿಡಿದ್ಮೇಲೆ ಆ ಮನುಷ್ಯನ ಮೇಲೆ ಗೌರವ ಹತ್ತು ಪಟ್ಟು ಆಗಿದೆ.)

ಪೆಲೆಟ್: ಅಂಗಡಿಯವ್ನು ಚೂಪು ಮೂತಿದು ಕೊಟ್ಟಿದ್ದ, "ಒಳಗೆ ಹೋಗುತ್ತೆ ಸಾರ್" ಅಂತ. ನನ್ನ ಗನ್ನಿಗೆ ಅದು ಒಗ್ಲೇ ಇಲ್ಲ. ಚಪ್ಪಟೆ ಮೂತಿದು ಹಾಳೆಗೆ ಚಂದ, ದುಂಡು ಮೂತಿದು ದೂರಕ್ಕೂ ನೇರ ಹೋಗುತ್ತೆ. ಒಂದೊಂದು ನಳಿಗೆಗೆ ಒಂದೊಂದು ಇಷ್ಟ, ಮೂರ್ನಾಲ್ಕು ಥರ ಸ್ವಲ್ಪ ಸ್ವಲ್ಪ ತಂದು ನೋಡೋದೇ ದಾರಿ. ಸೀಸ ಅದು, ಹೊಡೆದ್ಮೇಲೆ ಕೈ ತೊಳ್ಕೊಂಡೇ ಊಟಕ್ಕೆ ಕೂರಿ.

ಇನ್ನು ಮಂಗದ ವಿಷ್ಯ. ಗನ್ ತಂದಾದ್ಮೇಲೆ ಫಾರೆಸ್ಟಲ್ಲಿ ಕೆಲಸ ಮಾಡೋ ಭಾವನ ಹತ್ರ ಮಾತಾಡಿದೆ, ಭಾವ ನಗ್ಲಿಲ್ಲ. ನಮ್ಮ ಕಡೆ ಮಂಗ, ನವಿಲು, ಕೆಂದಳಿಲು ಎಲ್ಲಾ 1972ರ ವನ್ಯಜೀವಿ ಕಾಯ್ದೆಯ ರಕ್ಷಣೇಲಿವೆ, ಪೆಲೆಟ್ ತಾಗಿದ್ರೆ ಕೇಸು. ಮೊದಲು ಇಲಿ, ಕಾಗೆ, ಬಾವಲಿಗೆ ಅಂತ ಐದನೇ ಶೆಡ್ಯೂಲ್, ಅಂದ್ರೆ ಉಪದ್ರವ ಪ್ರಾಣಿಗಳ ಪಟ್ಟಿ, ಒಂದಿತ್ತು, 2022ರ ತಿದ್ದುಪಡೀಲಿ ಆ ಪಟ್ಟೀನೇ ತೆಗೆದ್ರು, ಹಾಗಾಗಿ "ಕಾಗೆ ಹೊಡೀಬಹುದು" ಅನ್ನೋ ಹಳೇ ಮಾತು ನಂಬ್ಬೇಡಿ. ಕಾನೂನು ಬಿಡಿ, ಈ ಗನ್ನಲ್ಲಿ ಮಂಗಕ್ಕೆ ಹೊಡೆದ್ರೆ ಅದು ಸಾಯಲ್ಲ, ಗಾಯ ಕೊಳೆತು ವಾರಗಟ್ಟಲೆ ನರಳುತ್ತೆ. ಸದ್ದಿಗೆ ಓಡ್ತಾವೆ ಅಂದ್ರಲ್ಲ ಭಟ್ರು, ಹೊಗೆ ನಿಂತ್ಮೇಲೆ ಆ ಸದ್ದೂ ಹೋಯ್ತು, ಈಗ ಮಂಗ ಕೂತು ನೋಡ್ತಾವೆ.

ಉಳಿದಿದ್ದು ಹೆಗ್ಗಣ. ಕೊಟ್ಟಿಗೇಲಿ ಹಿಂಡಿ ಚೀಲ ತೂತು ಮಾಡೋವು. ಪಾಷಾಣ ಇಡೋಕೆ ಮನಸ್ಸಿಲ್ಲ, ಎರಡು ವರ್ಷದ ಹಿಂದೆ ವಿಷ ತಿಂದ ಇಲೀನ ತಿಂದು ನಮ್ಮ ನಾಯಿ ಹೋಯ್ತು. ರಾತ್ರಿ ಊಟ ಆದ್ಮೇಲೆ ದನಗಳನ್ನ ಆಚೆ ಕಟ್ಟಿ, ಕೆಂಪು ಕಾಗದ ಸುತ್ತಿದ ಹೆಡ್‌ಲೈಟ್ ಹಾಕ್ಕೊಂಡು, ಹಿಂದುಗಡೆ ಮಣ್ಣಿನ ಗೋಡೆ ಇರೋ ಜಾಗ ನೋಡಿ ಕೂರ್ತೀನಿ. ಎಂಟು ಹತ್ತು ಮೀಟರ್, ತಲೆಗೆ ಮಾತ್ರ, ಅದು ನಿಂತಾಗ ಮಾತ್ರ. ಹದಿನೈದು ಮೀಟರ್ ಮೇಲೆ ನಾನು ಹೊಡೆಯಲ್ಲ. ಕಲ್ಲು, ಕಬ್ಬಿಣದ ಕಂಬ ಹಿಂದಿದ್ರೆ ಪೆಲೆಟ್ ವಾಪಸ್ ಬರುತ್ತೆ. ಮೇಲ್ಮುಖವಾಗಿ ಯಾವತ್ತೂ ಹೊಡೀಬೇಡಿ, ಪೆಲೆಟ್ ಇನ್ನೂರು ಮುನ್ನೂರು ಮೀಟರ್ ಆಚೆ ಯಾರ ಅಂಗಳಕ್ಕೆ ಬೀಳುತ್ತೋ. ಏರ್‌ಗನ್ನಲ್ಲಿ ಮಕ್ಕಳು ಸತ್ತ ಸುದ್ದಿ ಪೇಪರಲ್ಲಿ ಆಗಾಗ ಬರ್ತಾನೇ ಇರುತ್ತೆ, ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಆಟದ ಸಾಮಾನಲ್ಲ. ನಮ್ಮನೇಲಿ ಗನ್ ಬೀರುವಲ್ಲಿ, ಪೆಲೆಟ್ ದೇವರ ಮನೆ ಮೇಲಿನ ಅಟ್ಟದಲ್ಲಿ, ಬೀಗದ ಕೈ ನನ್ನ ಹತ್ರ.

ಐದು ತಿಂಗಳಲ್ಲಿ ಹೆಗ್ಗಣ ಬಿದ್ದಿದ್ದು ಒಟ್ಟು ಹನ್ನೊಂದು. ಅದೇ ಕೊಟ್ಟಿಗೆ ಹಿಂದೆ ಇರೋ ಕೇರೆ ಹಾವು ನನಗಿಂತ ಜಾಸ್ತಿ ಹಿಡಿದಿರುತ್ತೆ, ಅದಕ್ಕೆ ಪೆಲೆಟ್ ಖರ್ಚೂ ಇಲ್ಲ. ಉಳಿದ ಸಾವಿರದ ಒಂಬೈನೂರು ಚಿಲ್ಲರೆ ಪೆಲೆಟ್ ಎಲ್ಲಾ ಹೋಗಿದ್ದು ತೆಂಗಿನ ಕರಟ, ಹಾಳು ಡಬ್ಬಿ, ದಾರಕ್ಕೆ ನೇತು ಹಾಕಿದ ಸೋಡಾ ಮುಚ್ಚಳಕ್ಕೆ. ಒಂದು ಸ್ಟಾರ್ ಕಟ್ ಮಾಡಿದ್ದು ಟ್ರಿಗರ್ ಇನ್ನೂ ಬಿಗಿ ಅಂತ, ಮತ್ತೆ ಜೊತೆಗೆ ಬಂದ ಮ್ಯಾನ್ಯುಯಲ್‌ನಲ್ಲಿ ಸ್ಕ್ರೂ ಬಗ್ಗೆ ಒಂದು ಸಾಲೂ ಇರ್ಲಿಲ್ಲ ಅಂತ. ಸಂಜೆ ಐದಕ್ಕೆ ಅಪ್ಪಯ್ಯನೇ ಈಗ ಕರಟ ಜೋಡಿಸಿ ಇಡ್ತಾರೆ, ನಿನ್ನೆ ಆರಕ್ಕೆ ನಾಲ್ಕು ಹೊಡೆದ್ರು, ನಂದು ಮೂರು.