ಅಮೆರಿಕದ ಪಬ್ಲಿಕ್ ಡಿಫೆಂಡರ್ ಸೇವೆ: ವಕೀಲಿಕೆ ಗಟ್ಟಿ, ಸಮಯದ್ದೇ ಬರ

ಅಮೆರಿಕದಲ್ಲಿ ಕ್ರಿಮಿನಲ್ ಕೇಸು ಮೈಮೇಲೆ ಬಿದ್ದು, ವಕೀಲರ ಫೀಸು ಕಟ್ಟುವ ಶಕ್ತಿ ಇಲ್ಲದಿದ್ದರೆ ಕೋರ್ಟೇ ಒಬ್ಬ ವಕೀಲರನ್ನು ಕೊಡುತ್ತದೆ. ಹೆಚ್ಚಿನ ಕಡೆ ಅವರು ಪಬ್ಲಿಕ್ ಡಿಫೆಂಡರ್ ಕಚೇರಿಯವರು. ಸಂಬಳ ಸರ್ಕಾರದ್ದು ಅಂದಮೇಲೆ ಸರ್ಕಾರದ ಕಡೆಯವರೇ ಇರಬೇಕು ಎಂದು ಹಲವರು ಅವರೆದುರು ಬಾಯಿ ಬಿಡುವುದಿಲ್ಲ. ಇದು ತಪ್ಪು ತಿಳುವಳಿಕೆ. ಸರ್ಕಾರದ ಪರ ಕೇಸು ನಡೆಸುವವರು ಪ್ರಾಸಿಕ್ಯೂಟರ್. ಬಹುತೇಕ ರಾಜ್ಯಗಳಲ್ಲಿ ಆ ಕಚೇರಿಯ ಮುಖ್ಯಸ್ಥರನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ಪಬ್ಲಿಕ್ ಡಿಫೆಂಡರ್ ಮಾತ್ರ ಪೂರ್ತಿ ಕಕ್ಷಿದಾರರ ಕಡೆ. ಖಾಸಗಿ ವಕೀಲರ ಹತ್ತಿರ ಇರುವಷ್ಟೇ ಗುಟ್ಟು ಇಲ್ಲೂ ಇರುತ್ತದೆ.

ಅನುಭವದಲ್ಲಿ ಇವರು ಯಾರಿಗೂ ಕಡಿಮೆಯಲ್ಲ. ದಿನವೂ ಅದೇ ನ್ಯಾಯಾಧೀಶರ ಮುಂದೆ, ಅದೇ ಪ್ರಾಸಿಕ್ಯೂಟರ್‌ಗಳ ಎದುರು ನಿಲ್ಲುವವರಾದ್ದರಿಂದ ಯಾವ ಕೇಸಿಗೆ ಅಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಎನ್ನುವುದು ಅವರಿಗೆ ಬಾಯಿಪಾಠ. ಕೊರತೆ ಇರುವುದು ಸಮಯಕ್ಕೆ. ಒಬ್ಬ ವಕೀಲರಿಗೆ ವರ್ಷಕ್ಕೆ 150 ಗಂಭೀರ ಅಪರಾಧದ ಕೇಸು, ಇಲ್ಲವೇ 400 ಸಣ್ಣ ಅಪರಾಧದ ಕೇಸು ಮೀರಬಾರದು ಎಂದು 1973ರಲ್ಲಿ ರಾಷ್ಟ್ರೀಯ ಮಿತಿ ಹಾಕಿದ್ದರು. ಆ ಮಿತಿಯೇ ವಿಪರೀತ ಹೆಚ್ಚು ಎಂದು 2023ರ ಅಧ್ಯಯನವೊಂದು ಹೇಳಿತು. ಅದನ್ನೂ ದಾಟಿ ಹೊರೆ ಹೊತ್ತ ಕಚೇರಿಗಳಿವೆ. ಫೋನಿಗೆ ಸಿಗುವುದಿಲ್ಲ, ಸಾಕ್ಷಿಗಳನ್ನು ಹುಡುಕುವುದು ತಡವಾಗುತ್ತದೆ ಎಂಬ ದೂರುಗಳ ಮೂಲ ಇಲ್ಲಿದೆ.

ಹಾಗಾಗಿ ಈ ಸೇವೆಯಿಂದ ಎಷ್ಟು ಸಿಗುತ್ತದೆ ಎನ್ನುವುದು ಮೊದಲ ಭೇಟಿಯನ್ನು ಹೇಗೆ ಬಳಸಿಕೊಳ್ಳುತ್ತೀರಿ ಎಂಬುದರ ಮೇಲೂ ನಿಂತಿದೆ. ಆರೋಪ ಓದಿ ಹೇಳುವ ಅರೇನ್‌ಮೆಂಟ್ ದಿನ ವಕೀಲರ ಕೈಯಲ್ಲಿ ಫೈಲುಗಳ ಕಟ್ಟೇ ಇರುತ್ತದೆ. ನಿಮಗೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಅವರಿಗೆ ಮೊದಲು ಬೇಕಾದದ್ದು ಜಾಮೀನಿಗೆ ಒದಗುವ ವಿಷಯ: ವಾಸದ ವಿಳಾಸ, ಎಷ್ಟು ವರ್ಷದಿಂದ ಅಲ್ಲಿದ್ದೀರಿ, ಕೆಲಸ ಎಲ್ಲಿ, ಯಾರನ್ನು ಸಾಕುತ್ತಿದ್ದೀರಿ, ಹಿಂದಿನ ಕೇಸುಗಳು, ತೆಗೆದುಕೊಳ್ಳುವ ಔಷಧಿ, ವೀಸಾ ಯಾವುದು. ಮನೆಯವರು ಇದನ್ನು ಒಂದು ಹಾಳೆಯಲ್ಲಿ ಬರೆದು ತಂದರೆ ಅದೇ ದೊಡ್ಡ ಸಹಾಯ. ಘಟನೆಯ ಕಥೆಯನ್ನು ಕೋರ್ಟಿನ ಪಡಸಾಲೆಯಲ್ಲಿ ಬಿಚ್ಚಬೇಡಿ, ಅಕ್ಕಪಕ್ಕ ಕಿವಿಗಳಿರುತ್ತವೆ. ಜೈಲಿನಿಂದ ಮನೆಗೆ ಮಾಡುವ ಫೋನ್ ಕರೆಗಳು ರೆಕಾರ್ಡ್ ಆಗುತ್ತವೆ. ಆ ರೆಕಾರ್ಡಿಂಗ್ ಪ್ರಾಸಿಕ್ಯೂಟರ್ ಕೈ ಸೇರಬಹುದು. ಅರೇನ್‌ಮೆಂಟ್ ದಿನ 'ನಾಟ್ ಗಿಲ್ಟಿ', ಅಂದರೆ ನಾನು ತಪ್ಪಿತಸ್ಥನಲ್ಲ, ಎನ್ನುವುದು ವಾಡಿಕೆ. ಪೊಲೀಸರ ಬಳಿ ಏನು ಸಾಕ್ಷ್ಯವಿದೆ ಎಂದು ನೋಡಲು ಅದರಿಂದ ವಕೀಲರಿಗೆ ಅವಕಾಶ ಸಿಗುತ್ತದೆ.

ದೂರು ಕೊಟ್ಟವರ ಜೊತೆ ರಾಜಿಯಾದರೆ ಕೇಸು ಮುಗಿಯಿತು ಎಂದುಕೊಂಡು ಅವರಿಗೆ ಫೋನ್ ಮಾಡುವುದು ಇನ್ನೊಂದು ಅಪಾಯ. ಕೇಸು ರಾಜ್ಯದ್ದು, ಮುಂದುವರಿಸುವುದೋ ಬಿಡುವುದೋ ಪ್ರಾಸಿಕ್ಯೂಟರ್‌ಗೆ ಸೇರಿದ್ದು. ದೂರುದಾರರನ್ನು ಸಂಪರ್ಕಿಸಬಾರದು ಎಂದು ನ್ಯಾಯಾಧೀಶರು ಆದೇಶಿಸಿದ್ದರೆ ಆ ಒಂದು ಕರೆಯೇ ಹೊಸ ಕೇಸಾಗಬಹುದು.

ನಿಜವಾದ ಪರೀಕ್ಷೆ ಪ್ಲೀ ಒಪ್ಪಂದದ್ದು. ತಪ್ಪೊಪ್ಪಿಕೊಂಡರೆ ಆರೋಪವನ್ನೋ ಶಿಕ್ಷೆಯನ್ನೋ ಕಡಿಮೆ ಮಾಡುತ್ತೇವೆ ಎಂದು ಪ್ರಾಸಿಕ್ಯೂಟರ್ ಮುಂದಿಡುವ ಕೊಡುಗೆ ಇದು. ಫೆಡರಲ್ ಕೋರ್ಟುಗಳ ಶೇ. 97, ರಾಜ್ಯಗಳ ಶೇ. 94ರಷ್ಟು ಶಿಕ್ಷೆಗಳು ತಪ್ಪೊಪ್ಪಿಗೆಯಿಂದಲೇ ಆಗುತ್ತವೆ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಪ್ರಾಸಿಕ್ಯೂಟರ್ ವಿಧಿವತ್ತಾಗಿ ಕೊಟ್ಟ ಕೊಡುಗೆಯನ್ನು ವಕೀಲರು ಕಕ್ಷಿದಾರರಿಗೆ ತಿಳಿಸಲೇಬೇಕು ಎಂದೂ ಅದೇ ತೀರ್ಪು ಹೇಳುತ್ತದೆ. ಒಪ್ಪುವ ಮುನ್ನ ಕೇಳಲೇಬೇಕಾದ ಪ್ರಶ್ನೆಗಳು ಮೂರು: ಸಾಕ್ಷ್ಯವೆಲ್ಲ ನಿಮ್ಮ ಕೈಗೆ ಬಂತೇ? ಈ ಕೊಡುಗೆಗೆ ಗಡುವು ಯಾವಾಗ? ನನ್ನ ವೀಸಾ ಅಥವಾ ಗ್ರೀನ್ ಕಾರ್ಡ್ ಏನಾಗುತ್ತದೆ? ಒಂದು ದಿನವೂ ಜೈಲಿಲ್ಲದ ಒಪ್ಪಂದವೂ ಗಡಿಪಾರಿಗೆ ದಾರಿ ಮಾಡಬಹುದು. ಆ ಅಪಾಯವನ್ನು ತಿಳಿಸುವುದು ವಕೀಲರ ಕರ್ತವ್ಯ ಎಂದು 2010ರ ಪಡಿಯಾ ತೀರ್ಪು ಸ್ಪಷ್ಟಪಡಿಸಿದೆ. ಆದರೆ ನೀವು ವಿದೇಶಿ ಪ್ರಜೆ ಎಂದು ಅವರಿಗೆ ಮೊದಲು ಗೊತ್ತಿರಬೇಕಲ್ಲ! ಮೊದಲ ದಿನವೇ ಹೇಳಿ. ಯಾವ ಸಾಕ್ಷಿಗೆ ಹೇಗೆ ಪಾಟಿ ಸವಾಲು ಹಾಕುವುದು ಎಂಬುದು ವಕೀಲರಿಗೆ ಬಿಟ್ಟದ್ದು. ತಪ್ಪೊಪ್ಪಿಕೊಳ್ಳುವುದೋ ಬೇಡವೋ, ಜ್ಯೂರಿ ಬೇಕೋ, ಕಟಕಟೆ ಹತ್ತಿ ಸಾಕ್ಷಿ ಹೇಳುವುದೋ, ಅಪೀಲು ಹೋಗುವುದೋ, ಇವು ನಿಮ್ಮವೇ.

ಸೇವೆಗೆ ಮಿತಿಗಳಿವೆ. ಸುಪ್ರೀಂ ಕೋರ್ಟಿನ 1963ರ ಗಿಡಿಯನ್ ತೀರ್ಪು ಗಂಭೀರ ಅಪರಾಧಗಳಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕು ಕೊಟ್ಟಿತು. 1972ರ ತೀರ್ಪು ಜೈಲುಶಿಕ್ಷೆ ಆಗುವ ಸಣ್ಣ ಕೇಸಿಗೂ ವಿಸ್ತರಿಸಿತು. ಬರೀ ದಂಡದ ಟ್ರಾಫಿಕ್ ಟಿಕೆಟಿಗೆ, ಸಿವಿಲ್ ಕೇಸಿಗೆ ಈ ಹಕ್ಕು ಅನ್ವಯಿಸದು. ಇಮಿಗ್ರೇಷನ್ ಕೋರ್ಟಿನಲ್ಲೂ ಸರ್ಕಾರ ವಕೀಲರನ್ನು ಕೊಡಲೇಬೇಕು ಎಂದಿಲ್ಲ. ಪೂರ್ತಿ ಉಚಿತ ಎಂದೂ ಎಲ್ಲೆಡೆ ಹೇಳಲಾಗದು: ಫ್ಲೋರಿಡಾದಲ್ಲಿ ಅರ್ಜಿಗೇ 50 ಡಾಲರ್. ಬಡವರಿಗಾಗಿ ಇರುವ ಸೇವೆಗೆ ಬಾಗಿಲಲ್ಲೇ ಶುಲ್ಕ ಇಡುವುದು ಅನ್ಯಾಯ.

ಕೊಟ್ಟ ವಕೀಲರನ್ನು ಇಷ್ಟಬಂದಂತೆ ಬದಲಿಸಲೂ ಆಗದು. ಫೋನ್ ಎತ್ತಲಿಲ್ಲ ಎಂಬಷ್ಟಕ್ಕೆ ನ್ಯಾಯಾಧೀಶರು ಸಾಮಾನ್ಯವಾಗಿ ಒಪ್ಪುವುದಿಲ್ಲ; ಯಾವ ತಾರೀಖಿನಂದು ಏನು ಕೇಳಿದಿರಿ, ಉತ್ತರ ಬಂತೇ ಎಂದು ಬರೆದಿಟ್ಟುಕೊಂಡಿದ್ದರೆ ಮಾತಿಗೆ ತೂಕ. ಒಂದೇ ಕೇಸಿನಲ್ಲಿ ಇಬ್ಬರು ಆರೋಪಿಗಳಿದ್ದರೆ ಹಿತಾಸಕ್ತಿ ಡಿಕ್ಕಿಯಾಗದಂತೆ ಎರಡನೆಯವರಿಗೆ ಸಾಮಾನ್ಯವಾಗಿ ಹೊರಗಿನ ವಕೀಲರನ್ನು ನೇಮಿಸುತ್ತಾರೆ. ಆಗ ಮನವಿ ಬೇಕಿಲ್ಲ.